ಮುಂಬಯಿಯಿಂದ ಬೆಂಗಳೂರಿಗೆ: ನೆರೆಯ ರಾಜಧಾನಿಯ ದೂರ

ಕಳೆದ ತಿಂಗಳು ಒಂದು ಸಂಜೆ, ಮರುದಿನದ ಪುಟಗಳನ್ನು ತಿದ್ದುತ್ತ ಕಚೇರಿಯಲ್ಲಿ ಕುಳಿತಿದ್ದಾಗ, ಮುಲುಂಡಿನ ಹಳೆಯ ಪರಿಚಯದ ಮನೆಯ ಹುಡುಗನೊಬ್ಬನು ನನ್ನನ್ನು ಕಾಣಲು ಬಂದನು. ಹುಡುಗನೆಂಬುದು ನನ್ನ ಲೆಕ್ಕದಲ್ಲಿ ಮಾತ್ರ; ಈಗ ಅವನು ಬ್ರಸೆಲ್ಸ್ ನಗರದಲ್ಲಿ ಉದ್ಯೋಗದಲ್ಲಿರುವ ಗೃಹಸ್ಥ. ನಾನು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುತ್ತಿದ್ದ ಕಾಲದಲ್ಲಿ, ಶಾಲೆ ಬಿಟ್ಟೊಡನೆ ಬೆನ್ನಿಗೆ ಪುಸ್ತಕದ ಚೀಲ ಹೊತ್ತು ಬಂದು ವಡೆ ಸಾಂಬಾರು ತಿಂದು ಹೋಗುತ್ತಿದ್ದವನು. ರಜೆಯಲ್ಲಿ ಊರಿಗೆ ಬಂದವನು ಮುಂಬಯಿಯ ಬೀಗ ಹಾಕಿದ ಮನೆಯನ್ನೊಮ್ಮೆ ತೆರೆದು ನೋಡಿ, ಬೆಂಗಳೂರಿನಲ್ಲಿ ಅಣ್ಣನ ಬಳಿ ಇರುವ ತಂದೆತಾಯಿಗಳನ್ನು ಕಾಣಲು ಹೊರಟಿದ್ದನು.

"ಅಣ್ಣಾ, ಕೆಲಸದ ನಿಮಿತ್ತ ನಾನು ತಿಂಗಳಿಗೆ ಎರಡು ಸಲ ಬ್ರಸೆಲ್ಸಿನಿಂದ ಪ್ಯಾರಿಸಿಗೆ ಹೋಗಿ ಬರುತ್ತೇನೆ. ಅದೊಂದು ದೇಶದ ರಾಜಧಾನಿ, ಇದೊಂದು ದೇಶದ ರಾಜಧಾನಿ. ರೈಲಿನಲ್ಲಿ 1 ಗಂಟೆ 22 ನಿಮಿಷ. ಇಲ್ಲಿಂದ ಬೆಂಗಳೂರಿಗೂ ರೈಲಿನಲ್ಲೇ ಹೋಗೋಣವೆಂದು ವೇಳಾಪಟ್ಟಿ ತೆಗೆದರೆ, ಇದೇನಣ್ಣ, 24 ಗಂಟೆ?" ಎಂದು ಕೇಳಿದನು.

ದೂರ ಹೆಚ್ಚಲ್ಲವೇ ಮಾರಾಯ, ಎಂದು ಆ ಕ್ಷಣಕ್ಕೆ ಹೇಳಿ ತಪ್ಪಿಸಿಕೊಂಡೆ. ಅವನು ನಗುತ್ತ ಚಹ ಕುಡಿದು ಹೋದನು. ಮರುದಿನದ ವಿಮಾನಕ್ಕೆ ಟಿಕೆಟು ಮಾಡಿಸಿಕೊಂಡನೆಂದು ಆಮೇಲೆ ತಿಳಿಯಿತು. ಆದರೆ ಅವನ ಪ್ರಶ್ನೆ ಹೋಗಲಿಲ್ಲ. ಹೋಟೆಲಿನವನಿಗೆ ದಿನದ ಕೊನೆಯಲ್ಲಿ ಲೆಕ್ಕ ಕೂಡಿಸದೆ ನಿದ್ರೆ ಬಾರದು. ಪ್ಯಾರಿಸಿಗೂ ಬ್ರಸೆಲ್ಸಿಗೂ ನಡುವೆ ಸುಮಾರು 300 ಕಿ.ಮೀ.; ಮುಂಬಯಿಯಿಂದ ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್ಸಿನ ದಾರಿಯಲ್ಲಿ ಸುಮಾರು 1,150 ಕಿ.ಮೀ. ನಾಲ್ಕು ಪಟ್ಟು ದೂರಕ್ಕೆ ನಾಲ್ಕು ಪಟ್ಟು ಹೊತ್ತೆಂದು ಹಿಡಿದರೂ ಐದೂವರೆ ಗಂಟೆಯಾದೀತು. ಅಷ್ಟನ್ನು ಬೇಡುವ ದುರಾಶೆ ನನಗಿಲ್ಲ. ಆದರೆ 1,150ನ್ನು 24ರಿಂದ ಭಾಗಿಸಿದರೆ ಬರುವುದು ಗಂಟೆಗೆ 48 ಕಿ.ಮೀ. ಇದಕ್ಕೆ ಎಕ್ಸ್‌ಪ್ರೆಸ್ ಎಂದು ಹೆಸರು.

ಯುರೋಪವು ಸ್ವರ್ಗವೇನಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ನ್ಯಾಯ. ಸ್ಪೇಯಿನಿನ ರಾಜಧಾನಿ ಮ್ಯಾಡ್ರಿಡ್, ಪೋರ್ತುಗಲ್ಲಿನ ರಾಜಧಾನಿ ಲಿಸ್ಬನ್. ಎರಡೂ ದೇಶಗಳು ಒಂದೇ ಜಗಲಿಯ ಮೇಲೆ ಕುಳಿತ ಅಣ್ಣತಮ್ಮಂದಿರಂತೆ. 1986ರಲ್ಲಿ ಒಂದೇ ದಿನ ಯುರೋಪಿನ ಒಕ್ಕೂಟವನ್ನು ಸೇರಿದುವು. ಹಳಿಗಳ ಅಗಲವೂ ಒಂದೇ. ಆದರೂ ಅವೆರಡರ ನಡುವೆ ಓಡುತ್ತಿದ್ದ ರಾತ್ರಿಯ ಗಾಡಿಯನ್ನು 2020ರ ಮಾರ್ಚಿಯಲ್ಲಿ ಮಹಾಮಾರಿಯ ನೆಪದಿಂದ ನಿಲ್ಲಿಸಿದವರು ಮತ್ತೆ ಹೊರಡಿಸಲಿಲ್ಲ. ಅಲ್ಲಿಯ ಬಡ ಪ್ರಯಾಣಿಕನು ಪೆಟ್ಟಿಗೆ ಹೊತ್ತುಕೊಂಡು ಗಾಡಿಯಿಂದ ಗಾಡಿಗೆ ಇಳಿದು ಹತ್ತುತ್ತ ಇಡೀ ದಿನ ಕಳೆಯಬೇಕಾಗುತ್ತದೆ. ಪ್ಯಾರಿಸ್ ಮತ್ತು ಬ್ರಸೆಲ್ಸ್‌ಗಳ ನಡುವೆ ಹಾಗಾಗದಿರಲು ಕಾರಣ, ಎರಡು ದೇಶಗಳ ರೈಲ್ವೆಗಳು ಕೂಡಿ ಕುಳಿತು, ಈ ಎರಡು ಊರುಗಳನ್ನು ಜೋಡಿಸಲೇಬೇಕೆಂದು ನಿರ್ಧರಿಸಿ 1990ರ ದಶಕದಲ್ಲಿ ಹೊಸ ಹಳಿಯನ್ನೇ ಹಾಕಿದುವು. ಎರಡು ರಾಜಧಾನಿಗಳು ಹತ್ತಿರವಿದ್ದ ಮಾತ್ರಕ್ಕೆ ಅವುಗಳ ನಡುವೆ ಗಾಡಿ ತಾನಾಗಿ ಹುಟ್ಟುವುದಿಲ್ಲ. ಯಾರೋ ಒಬ್ಬರು ಅದನ್ನು ಬೇಕೆನ್ನಬೇಕು.

ಮುಂಬಯಿ ಮತ್ತು ಬೆಂಗಳೂರುಗಳನ್ನು ಜೋಡಿಸಬೇಕೆಂದು ಯಾರು ಯಾವಾಗ ಬೇಕೆಂದರು? ಚರಿತ್ರೆಯನ್ನು ನೋಡಿದರೆ, ಯಾರೂ ಅಂದಂತೆ ಕಾಣುವುದಿಲ್ಲ. 1853ರಲ್ಲಿ ಬೋರಿಬಂದರದಿಂದ ಠಾಣೆಗೆ ಮೊದಲ ಗಾಡಿ ಹೊರಟಿತು. 1863ರಲ್ಲಿ ಭೋರ್ ಘಾಟನ್ನು ಹತ್ತಿತು. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ ನಮ್ಮ ರಾಯಚೂರಿನಲ್ಲಿ ಸಂಧಿಸಿದುವು. ಅದು ಸಾಮ್ರಾಜ್ಯದವರು ತಮ್ಮ ಎರಡು ಬಂದರುಗಳನ್ನು ಕೂಡಿಸಲು ಹಾಕಿಕೊಂಡ ಹಳಿ. ಬೆಂಗಳೂರಿನ ಚಿಂತೆ ಅದರಲ್ಲಿ ಇರಲಿಲ್ಲ. ಇಂದಿನ ಉದ್ಯಾನ್ ಎಕ್ಸ್‌ಪ್ರೆಸ್ ಗುಂತಕಲ್ಲಿನವರೆಗೆ ಹೋಗುವುದು ಅದೇ ಮದರಾಸಿನ ದಾರಿಯಲ್ಲಿ. ಅಲ್ಲಿಂದ ಅದು ದಕ್ಷಿಣಕ್ಕೆ ಹೊರಳುತ್ತದೆ. ಸೊಲ್ಲಾಪುರ ದಾಟಿ ಕಲಬುರಗಿಯ ಹತ್ತಿರ ಕರ್ನಾಟಕವನ್ನು ಹೊಗುತ್ತದೆ. ಕೃಷ್ಣಾ ನದಿಯ ಬಳಿ ತೆಲಂಗಾಣದ ತುದಿಯನ್ನು ಮುಟ್ಟಿ ಮತ್ತೆ ರಾಯಚೂರಿಗೆ ಬರುತ್ತದೆ. ತುಂಗಭದ್ರೆಯನ್ನು ದಾಟಿ ಆಂಧ್ರವನ್ನು ಸೇರಿ, ಆದೋನಿ, ಗುಂತಕಲ್, ಅನಂತಪುರ, ಧರ್ಮಾವರ, ಹಿಂದೂಪುರಗಳನ್ನು ಕಂಡು, ಮೂರನೆಯ ಸಲ ತಾಯ್ನಾಡನ್ನು ಹೊಕ್ಕು ಬೆಂಗಳೂರು ಮುಟ್ಟುತ್ತದೆ. ಕುರ್ಲಾದಿಂದ ಕೊಯಮತ್ತೂರಿಗೆ ಹೋಗುವ ಗಾಡಿಯದೂ ಇದೇ ದಾರಿ. ಕಲಬುರಗಿ, ಯಾದಗಿರಿ, ರಾಯಚೂರುಗಳ ಬಂಧುಗಳಿಗೆ ಈ ಗಾಡಿಗಳಿಂದ ಎಷ್ಟು ಉಪಕಾರವಾಗಿದೆಯೆಂಬುದನ್ನು ನಾನು ಬಲ್ಲೆ. ಅವನ್ನು ಕಿತ್ತುಕೊಳ್ಳಬೇಕೆಂಬ ವಿಚಾರ ನನ್ನ ಮನಸ್ಸಿನಲ್ಲಿ ಸರ್ವಥಾ ಇಲ್ಲ.

ಇನ್ನೊಂದು ದಾರಿ ಪುಣೆ, ಸಾತಾರಾ, ಮಿರಜ, ಬೆಳಗಾವಿ, ಲೋಂಡಾ, ಧಾರವಾಡ, ಹುಬ್ಬಳ್ಳಿ, ದಾವಣಗೆರೆ, ತುಮಕೂರುಗಳದು. ನನ್ನ ದೃಷ್ಟಿಯಲ್ಲಿ ಮುಂಬಯಿ ಕನ್ನಡಿಗರ ನಿಜವಾದ ದಾರಿ ಇದು. ಇದು ಉದ್ಯಾನಿನ ದಾರಿಗಿಂತ ಕೆಲವು ಹತ್ತು ಕಿಲೋಮೀಟರು ಉದ್ದವೇ ಹೊರತು ಗಿಡ್ಡವಲ್ಲ. ಆದರೆ ದಾರಿಯ ಬೆಲೆಯನ್ನು ಕಿಲೋಮೀಟರಿನಿಂದ ಮಾತ್ರ ಅಳೆಯಲಾಗದು. ದಾರಿಯಲ್ಲಿ ಯಾರ ಮನೆಗಳಿವೆ ಎಂಬುದನ್ನೂ ನೋಡಬೇಕು. 1956ರ ನವೆಂಬರ್ 1ರವರೆಗೆ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಿಗೆ ಮುಂಬಯಿಯೇ ರಾಜಧಾನಿಯಾಗಿತ್ತು. ಅಲ್ಲಿಯ ವಕೀಲರು ಹೈಕೋರ್ಟಿಗೆ ಬರುತ್ತಿದ್ದುದು ಇಲ್ಲಿಗೆ. ಒಂದು ರಾತ್ರಿ ಕಳೆದು ಬೆಳಗಾಗುವುದರೊಳಗೆ ಅವರ ರಾಜಧಾನಿ ಬೆಂಗಳೂರಾಯಿತು. ಆದರೆ ಹಳಿಗಳಿಗೆ ಆ ಸಂಗತಿ ಬಹುಕಾಲ ತಿಳಿಯಲೇ ಇಲ್ಲ.

ಹೇಗೆಂದರೆ, ಪುಣೆಯಿಂದ ಕೆಳಗೆ ಇದ್ದುದೆಲ್ಲ ಮೀಟರ್ ಗೇಜು; ಮುಂಬಯಿಯಿಂದ ಪುಣೆಗೆ ಬ್ರಾಡ್ ಗೇಜು. ಆದುದರಿಂದ ಬೆಂಗಳೂರಿನವನೂ ಹುಬ್ಬಳ್ಳಿಯವನೂ ಪುಣೆಯಲ್ಲಿ ಇಳಿದು ಗಾಡಿ ಬದಲಾಯಿಸಲೇಬೇಕಾಗಿತ್ತು. 1971ರ ಸುಮಾರಿಗೆ ಪುಣೆ–ಮಿರಜ ಹಳಿ ಅಗಲವಾದ ಮೇಲೆ ಇಳಿಯುವ ಸ್ಥಳ ಮಿರಜವಾಯಿತು. ನಮ್ಮ ಹೋಟೆಲಿನಲ್ಲಿ ತಂದೆಯವರ ಕಾಲದಿಂದಲೂ ಇದ್ದ ಧಾರವಾಡ ಕಡೆಯ ಹಿರಿಯರೊಬ್ಬರು ಮಿರಜದ ಪ್ಲಾಟ್‌ಫಾರ್ಮನ್ನು ವರ್ಣಿಸುತ್ತಿದ್ದರೆ ನಾವು ಹುಡುಗರು ಕೈಯ ಕೆಲಸ ಬಿಟ್ಟು ಕೇಳುತ್ತಿದ್ದೆವು: ಈಚೆಗೆ ದೊಡ್ಡ ಗಾಡಿ, ಆಚೆಗೆ ಸಣ್ಣ ಗಾಡಿ, ನಡುವೆ ಹಾಸಿಗೆಯ ಸುರುಳಿ, ಟ್ರಂಕು, ಮಡಕೆಯಲ್ಲಿ ಕುಂದಾ, ಕಂಕುಳಲ್ಲಿ ಮಗು ಇವುಗಳೊಡನೆ ಓಡುವ ಜನ. ಸಣ್ಣ ಗಾಡಿಯಲ್ಲಿ ಜಾಗ ಹಿಡಿಯಲು ಟವೆಲನ್ನು ಕಿಟಕಿಯಿಂದ ಒಳಗೆ ಎಸೆಯುವ ವಿದ್ಯೆಯಲ್ಲಿ ತಾನು ನಿಷ್ಣಾತನೆಂದು ಅವರ ಹೆಮ್ಮೆ. 1990ರ ದಶಕದಲ್ಲಿ ಮಿರಜದಿಂದ ಬೆಂಗಳೂರಿನವರೆಗಿನ ಹಳಿಯೂ ಅಗಲವಾಗಿ ಆ ಓಟ ನಿಂತಿತು. ರಾಜ್ಯಗಳ ಪುನರ್ವಿಂಗಡಣೆಯಾಗಿ ಸುಮಾರು 40 ವರ್ಷ ಸಂದ ಮೇಲೆ, ಮುಂಬಯಿಯಲ್ಲಿ ಹತ್ತಿದವನು ಇಳಿಯದೆ ಹುಬ್ಬಳ್ಳಿಯ ದಾರಿಯಾಗಿ ಬೆಂಗಳೂರು ಸೇರುವುದು ಸಾಧ್ಯವಾಯಿತು.

ಸಾಧ್ಯವೇನೋ ಆಯಿತು, ಗಾಡಿ ಎಲ್ಲಿ? ದಾದರಿನಿಂದ ರಾತ್ರಿ ಹೊರಡುವ ಚಾಲುಕ್ಯ ಎಕ್ಸ್‌ಪ್ರೆಸ್ ಇದೆಯಲ್ಲ ಎಂದು ವಾಚಕರು ಹೇಳಬಹುದು. ಇದೆ. ಕೆಲವು ದಿನ ಅದು ಪುದುಚ್ಚೇರಿಗೆ ಹೋಗುತ್ತದೆ, ಬೇರೆ ಕೆಲವು ದಿನ ಹೊರಡುವ ಗಾಡಿ ತಿರುನೆಲ್ವೇಲಿಗೆ ಹೋಗುತ್ತದೆ. ಬೆಂಗಳೂರು ಅವುಗಳಿಗೆ ನಡುದಾರಿಯ ನಿಲ್ದಾಣ. ದೂರದ ಪ್ರಯಾಣಿಕರಿಗೆ ಜಾಗ ಮೀಸಲಿಟ್ಟು ಉಳಿದುದು ನಮಗೆ. ಗಂಟೆಗಳ ಲೆಕ್ಕದಲ್ಲಿಯೂ ಅವು ಉದ್ಯಾನಿಗಿಂತ ಮೇಲಲ್ಲ. ತಮಿಳು ಬಂಧುಗಳ ಗಾಡಿಯಲ್ಲಿ ನಾವು ಅರ್ಧ ದಾರಿಯ ಅತಿಥಿಗಳು. ಅತಿಥಿಗೆ ಮನೆಯವರೊಡನೆ ಜಗಳ ಸಲ್ಲದು. ಆದರೆ ನಮ್ಮದೇ ಮನೆ ಯಾವಾಗ?

ಇಲ್ಲಿ ನಮ್ಮವರನ್ನೂ ನಾಲ್ಕು ಮಾತು ಅನ್ನದೆ ಬಿಡಲಾರೆ. ಅನ್ನುವಾಗ ನನ್ನನ್ನೂ ಸೇರಿಸಿಕೊಂಡೇ ಅನ್ನುತ್ತೇನೆ. ಮುಂಬಯಿಯಲ್ಲಿ ಕನ್ನಡಿಗರ ದನಿ ಎಂದರೆ ಬಹುಮಟ್ಟಿಗೆ ಕರಾವಳಿಯವರ ದನಿ. ಸಂಘಗಳು ನಮ್ಮವು, ಹೋಟೆಲುಗಳು ನಮ್ಮವು, ಪತ್ರಿಕೆಗೆ ಜಾಹೀರಾತು ಕೊಡುವವರೂ ಹೆಚ್ಚಾಗಿ ನಮ್ಮವರು. ಕೊಂಕಣ ರೈಲ್ವೆಗಾಗಿ ನಮ್ಮ ಹಿರಿಯರು ಎಷ್ಟು ಸಭೆ ಕೂಡಿದರು, ಎಷ್ಟು ಮನವಿ ಬರೆದರು! ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ನಾಯಕರಾಗಿ ಬೆಳೆದ ಜಾರ್ಜ್ ಫರ್ನಾಂಡಿಸರು ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ, ಆ ಕೆಲಸಕ್ಕೆಂದೇ ನಿಗಮವೊಂದು ಸ್ಥಾಪನೆಯಾಯಿತು. 1998ರ ಜನವರಿಯಲ್ಲಿ ಹಳಿ ಪೂರ್ಣವಾಯಿತು. ಮತ್ಸ್ಯಗಂಧಾ ಗಾಡಿ ಬಂದುದೇ ತಡ, ನಾವು ರೈಲ್ವೆಯ ವಿಷಯವನ್ನು ಮುಚ್ಚಿ ಕಟ್ಟಿ ಅಟ್ಟದ ಮೇಲಿಟ್ಟೆವು. ಅಲ್ಲಿಂದೀಚೆಗೆ ನಮ್ಮ ಸಭೆಗಳಲ್ಲಿ ರೈಲಿನ ಮಾತು ಬಂದರೆ, ಕುಂದಾಪುರದಲ್ಲಿ ಇನ್ನೊಂದು ಗಾಡಿ ನಿಲ್ಲಬೇಕು, ಉಡುಪಿಗೆ ಇನ್ನೊಂದು ಬೋಗಿ ಬೇಕು, ಅಷ್ಟೇ. ಹಳೆ ಮೈಸೂರಿನವರು ಮಾಟುಂಗಾದಲ್ಲಿ ಮೈಸೂರು ಎಸೋಸಿಯೇಶನ್ ಕಟ್ಟಿದ್ದು 1926ರಲ್ಲಿ. ಉತ್ತರ ಕರ್ನಾಟಕದ ಕಾರ್ಮಿಕರು ಈ ನಗರದ ಕಟ್ಟಡಗಳಿಗೂ ರಸ್ತೆಗಳಿಗೂ ಬೆವರು ಸುರಿಸುತ್ತ ಬಂದುದು ತಲೆಮಾರುಗಳಿಂದ. ಅವರ ದಾರಿಗಾಗಿ ನಾವು ಎಂದಾದರೂ ಒಂದು ಠರಾವು ಮಾಡಿದೆವೆ? ನನ್ನ ನೆನಪಿನಲ್ಲಿ ಇಲ್ಲ.

ಈಗ ಆ ದಾರಿ ನಮ್ಮದೂ ಆಗಿದೆ. ಮುಂಬಯಿಯಲ್ಲಿ ಹುಟ್ಟಿ ಓದಿದ ನಮ್ಮ ಮಕ್ಕಳು ಉದ್ಯೋಗಕ್ಕೆ ಎಲ್ಲಿಗೆ ಹೋಗುತ್ತಿದ್ದಾರೆ? ಊರಿಗಲ್ಲ; ಬೆಂಗಳೂರಿಗೆ. ಮೀರಾ ರೋಡ್, ಡೊಂಬಿವಲಿ, ಠಾಣೆ, ನೆರೂಳುಗಳ ಎಷ್ಟು ಮನೆಗಳಲ್ಲಿ ಮುದುಕ ಮುದುಕಿಯರು ಇಬ್ಬರೇ ಉಳಿದಿಲ್ಲ? ಸೊಸೆಯ ಬಾಣಂತನಕ್ಕೆ ಹೋಗಬೇಕಾದರೆ ಬೆಂಗಳೂರು, ಮೊಮ್ಮಗನ ಉಪನಯನಕ್ಕೆ ಬೆಂಗಳೂರು, ಕಣ್ಣಿನ ಶಸ್ತ್ರಚಿಕಿತ್ಸೆಗೆ ಮಗನ ಬಳಿಗೆ ಬೆಂಗಳೂರು. ಮುಂಬಯಿ–ಬೆಂಗಳೂರು ವಿಮಾನಮಾರ್ಗವು ದೇಶದಲ್ಲೇ ಅತ್ಯಂತ ದಟ್ಟವಾದವುಗಳಲ್ಲಿ ಒಂದು ಎಂಬುದೇ ಜನರಿದ್ದಾರೆನ್ನುವುದಕ್ಕೆ ಸಾಕ್ಷಿ. ವಿಮಾನವಿದೆಯಲ್ಲ, ಮತ್ತೇಕೆ ರೈಲಿನ ಹಂಬಲ ಎನ್ನುವವರಿಗೆ ನಮ್ಮ ಹೋಟೆಲಿನ ಅಡಿಗೆಯವರ ಸಂಗತಿಯನ್ನು ಹೇಳಬೇಕಾಗಿದೆ.

ಹೋಟೆಲನ್ನು ಈಗ ನನ್ನ ತಮ್ಮ ನೋಡಿಕೊಳ್ಳುತ್ತಾನೆ. ಅಡಿಗೆಯವರು ಮಾತ್ರ ಹಳಬರೇ. ಕಳೆದ ದೀಪಾವಳಿಯ ಮುನ್ನಾ ವಾರ ಬೆಂಗಳೂರಿನಲ್ಲಿ ಅವರ ಮಗನು ಬೈಕಿನಿಂದ ಬಿದ್ದು ಆಸ್ಪತ್ರೆ ಸೇರಿದನೆಂದು ಸುದ್ದಿ ಬಂದಿತು. ಮಧ್ಯಾಹ್ನದ ಊಟದ ಹೊತ್ತು. ಅವರು ಸಾರಿನ ಸೌಟನ್ನು ಕೆಳಗಿಟ್ಟು, "ಧಣಿಗಳೆ, ಒಂದು ಟಿಕೆಟು ಮಾಡಿಸಿ ಕೊಡಿ" ಎಂದರಂತೆ. ತಮ್ಮನು ನನಗೆ ಫೋನು ಮಾಡಿದನು. ಪತ್ರಿಕೆಯ ಸಂಪಾದಕನಿಗೆ ಎಲ್ಲ ಬಾಗಿಲುಗಳೂ ತೆರೆದಿರುತ್ತವೆಂಬ ಭ್ರಮೆ ಅವನಿಗೆ ಇನ್ನೂ ಇದೆ. ರೈಲಿನಲ್ಲಿ ವೇಟಿಂಗ್ ಲಿಸ್ಟ್ ನೂರನ್ನು ದಾಟಿತ್ತು. ಮರುದಿನದ ತತ್ಕಾಲ್ ತೆರೆದ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ವಿಮಾನದ ದರ ಕೇಳಿ ಅಡಿಗೆಯವರು ತಲೆಯಾಡಿಸಿದರು. ನಾವು ಕೊಡುತ್ತೇವೆಂದರೂ ಒಪ್ಪಲಿಲ್ಲ. "ಆ ಹಣ ಹುಡುಗನ ಔಷಧಕ್ಕೆ ಬೇಕಾದೀತು" ಎಂದರು. ಕೊನೆಗೆ ಖಾಸಗಿ ಬಸ್ಸೊಂದರಲ್ಲಿ, ಎಂದಿನ ದರದ ಮೂರು ಪಟ್ಟು ತೆತ್ತು ಹೋದರು. ಆ ಬಸ್ಸು ಸಾತಾರಾ ದಾಟಿದ ಮೇಲೆ ಕೆಟ್ಟು ನಿಂತು, ಅವರು ಬೆಂಗಳೂರು ಸೇರಿದಾಗ ಸಂಜೆಯಾಗಿತ್ತು. ಮಗನು ಬದುಕಿಕೊಂಡನು, ದೇವರ ದಯೆ. ಆದರೆ ಶಸ್ತ್ರಚಿಕಿತ್ಸೆಯ ಕಾಗದಕ್ಕೆ ಸಹಿ ಮಾಡಿದವನು ಅವನ ಜೊತೆಯಲ್ಲಿದ್ದ ಬಾಡಿಗೆ ಕೋಣೆಯ ಗೆಳೆಯ, ತಂದೆಯಲ್ಲ. ಇದನ್ನು ಹೇಳುವಾಗ ಅಡಿಗೆಯವರು ಈಗಲೂ ಬೇರೆ ಕಡೆ ನೋಡುತ್ತಾರೆ.

ಬಸ್ಸಿನ ಮಾತಿಗೆ ಇನ್ನೊಂದು ಮಾತು ಸೇರಿಸುವುದಿದೆ. ಎರಡು ರಾಜ್ಯಗಳ ನಡುವೆ ಗಡಿಯ ಜಗಳವೋ ಭಾಷೆಯ ಜಗಳವೋ ಎದ್ದಾಗಲೆಲ್ಲ ಮೊದಲು ಮಸಿ ಬಳಿಸಿಕೊಳ್ಳುವುದೂ ಕಲ್ಲು ತಿನ್ನುವುದೂ ಬಸ್ಸುಗಳು. 2022ರ ಡಿಸೆಂಬರಿನಲ್ಲಿ ಹಾಗಾಯಿತು. 2025ರ ಫೆಬ್ರವರಿಯಲ್ಲಿ ಮತ್ತೆ ಹಾಗೆಯೇ ಆಗಿ ಸರ್ಕಾರಿ ಬಸ್ಸುಗಳು ಗಡಿಯಲ್ಲಿ ನಿಂತುವು. ಜಗಳದ ತಪ್ಪು ಒಪ್ಪುಗಳನ್ನು ಇಲ್ಲಿ ತೂಗಲು ಹೋಗುವುದಿಲ್ಲ. ಎರಡೂ ಕಡೆಯ ಅನ್ನ ಉಂಡವರು ನಾವು. ಆ ದಿನಗಳಲ್ಲಿ ನಮ್ಮ ಸಂಕಟ ನಮಗೇ ಗೊತ್ತು. ಆದರೆ ರೈಲಿನ ಗಾಡಿಯ ಮೇಲೆ ಯಾವ ರಾಜ್ಯದ ಹೆಸರೂ ಇರುವುದಿಲ್ಲ. ಅದು ಮರಾಠಿಯವನನ್ನೂ ಕನ್ನಡಿಗನನ್ನೂ ಎದುರುಬದುರು ಕೂರಿಸಿ, ಒಬ್ಬನ ಚಕ್ಕುಲಿಯನ್ನು ಇನ್ನೊಬ್ಬನಿಗೆ ತಿನ್ನಿಸಿ, ಮಿರಜವನ್ನೂ ಬೆಳಗಾವಿಯನ್ನೂ ದಾಟಿ ಹೋಗುತ್ತಿರುತ್ತದೆ.

ಹಾಗಾದರೆ ಕೇಳಬೇಕಾದುದು ಏನು? ಬುಲೆಟ್ ಗಾಡಿಯಲ್ಲ. ನಮ್ಮ ಕಣ್ಣೆದುರಿಗೆ ಮುಂಬಯಿಯಿಂದ ಅಹಮದಾಬಾದಿಗೆ 508 ಕಿ.ಮೀ. ಬುಲೆಟ್ ಹಳಿಯ ಕಂಬಗಳು ಎದ್ದು ನಿಂತಿವೆ, ಸಂತೋಷ. ಗುಜರಾತಿನ ರಾಜಧಾನಿ ಗಾಂಧಿನಗರಕ್ಕೆ 2022ರಿಂದಲೇ ವಂದೇ ಭಾರತ್ ಗಾಡಿ ಆರೂವರೆ ಗಂಟೆಯ ಆಸುಪಾಸಿನಲ್ಲಿ ಮುಟ್ಟುತ್ತಿದೆ. ತೆಲಂಗಾಣದ ರಾಜಧಾನಿ ಹೈದರಾಬಾದಿಗೆ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದವನನ್ನು ಮರುದಿನ ಮಧ್ಯಾಹ್ನದ ಊಟಕ್ಕೆ ಇಳಿಸುತ್ತದೆ. ನೆರೆಯ ರಾಜಧಾನಿಗಳಲ್ಲಿ ಬೆಂಗಳೂರಿಗೇ ಏಕೆ ಈ ಮಲತಾಯಿಯ ಬಡಿಸುವಿಕೆ?

ದಾರಿ ಕೆಟ್ಟದಾಗಿದೆ, ಹಳಿ ಸಾಲದು ಎಂಬ ಉತ್ತರ ಹಿಂದೆ ಒಪ್ಪತಕ್ಕದ್ದಾಗಿತ್ತು, ಈಗ ಅಲ್ಲ. ಮತ್ತೆ ನನ್ನ ಗಲ್ಲಾಪೆಟ್ಟಿಗೆಯ ಲೆಕ್ಕವನ್ನೇ ಮುಂದಿಡುತ್ತೇನೆ. 1930ರಿಂದ ಓಡುತ್ತಿರುವ ದಖ್ಖನ್ ರಾಣಿಯು ಮುಂಬಯಿ–ಪುಣೆಯ 192 ಕಿ.ಮೀ. ದೂರವನ್ನು, ಘಾಟಿಯೂ ಸೇರಿ, ಮೂರು ಗಂಟೆಯ ಮೇಲೆ ಸ್ವಲ್ಪ ಹೊತ್ತಿನಲ್ಲಿ ಮುಗಿಸುತ್ತಾಳೆ. 2024ರ ಸೆಪ್ಟೆಂಬರಿನಲ್ಲಿ ಆರಂಭವಾದ ಪುಣೆ–ಹುಬ್ಬಳ್ಳಿ ವಂದೇ ಭಾರತ್ ತೆಗೆದುಕೊಳ್ಳುವುದು ಸುಮಾರು ಎಂಟೂವರೆ ಗಂಟೆ. 2023ರ ಜೂನಿನಲ್ಲಿ ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ಹುಬ್ಬಳ್ಳಿಗೂ ಬೆಂಗಳೂರಿಗೂ ನಡುವೆ ತೆಗೆದುಕೊಳ್ಳುವುದು ಸುಮಾರು ಆರು ಗಂಟೆ. ಮೂರನ್ನೂ ಕೂಡಿಸಿದರೆ 18 ಗಂಟೆಯಾಗುವುದಿಲ್ಲ. ಮೂರು ತುಂಡುಗಳೂ ನಮ್ಮ ಮುಂದೆಯೇ ಓಡುತ್ತಿವೆ. ಹೊಲಿದು ಅಂಗಿ ಮಾಡಿಕೊಡುವ ದರ್ಜಿ ಇಲ್ಲ. ಹಗಲಿನ ಆ ಚುರುಕು ಗಾಡಿಗಳಿಗಿಂತ ಸ್ಲೀಪರ್ ಬೋಗಿಗಳ ಉದ್ದನೆಯ ರಾತ್ರಿ ಗಾಡಿ ನಿಧಾನವೆಂಬುದು ನಿಜ. ಕರ್ಜತಿನಲ್ಲಿ ಹಿಂದಿನಿಂದ ನೂಕುವ ಎಂಜಿನುಗಳನ್ನು ಜೋಡಿಸಬೇಕು, ಅಲ್ಲಲ್ಲಿ ನಿಲ್ಲಬೇಕು. ಎರಡು ಗಂಟೆ ಹೆಚ್ಚೇ ಹಾಕಿಕೊಳ್ಳಲಿ. ಸಂಜೆ 7ಕ್ಕೆ ಮುಂಬಯಿ ಬಿಟ್ಟರೆ ಮರುದಿನ ಮಧ್ಯಾಹ್ನ 3ಕ್ಕೆ ಬೆಂಗಳೂರು. ಬೆಳಗಾವಿಯವನು ನಸುಕಿನಲ್ಲಿ ತನ್ನೂರಿನಲ್ಲಿ ಇಳಿದಾನು. ಹುಬ್ಬಳ್ಳಿ ಧಾರವಾಡದವನು ಬೆಳಗಿನ ತಿಂಡಿಗೆ ಮನೆ ಸೇರಿಯಾನು. ದಾವಣಗೆರೆಯವನಿಗೆ ಮಧ್ಯಾಹ್ನವಾಗುವ ಮೊದಲೇ ಊರು ಸಿಕ್ಕೀತು.

ಹೊಸ ಸೂಪರ್‌ಫಾಸ್ಟ್ ಗಾಡಿಯೊಂದಕ್ಕೆ ರೈಲ್ವೆ ಇಲಾಖೆ ಒಪ್ಪಿಗೆ ಕೊಟ್ಟಿದೆಯೆಂದು 2025ರ ಸೆಪ್ಟೆಂಬರಿನಲ್ಲಿ ಪ್ರಕಟವಾದಾಗ ನಾವೂ ಮೊದಲ ಪುಟದಲ್ಲಿ ದಪ್ಪಕ್ಷರದಿಂದ ಅಚ್ಚು ಹಾಕಿದೆವು. ಸಂತೋಷಪಡಬೇಕಾದ ಸಂಗತಿಯೇ. ಆದರೆ ಎಚ್ಚರ ತಪ್ಪಬಾರದು. ವಾರಕ್ಕೆ ಒಂದೆರಡು ದಿನ ಓಡುವ ಗಾಡಿಯಿಂದ ಕೊಟ್ಟವರ ಹೆಸರಾಗುತ್ತದೆ, ಪಡೆದವರ ಹೊಟ್ಟೆ ತುಂಬುವುದಿಲ್ಲ. ಹೆಸರಿಗೆ ಸೂಪರ್‌ಫಾಸ್ಟ್ ಎಂದಿದ್ದು ಗಂಟೆಗಳು 24 ಆಗಿಯೇ ಉಳಿದರೆ ಹಳೆಯ ಸಾರಿಗೆ ಹೊಸ ಒಗ್ಗರಣೆ ಹಾಕಿದಂತೆ. ನಮಗೆ ಬೇಕಾದುದು ಪ್ರತಿದಿನದ ಗಾಡಿ; ಹುಬ್ಬಳ್ಳಿಯ ದಾರಿಯ ಗಾಡಿ; ಬೆಂಗಳೂರಿನಲ್ಲೇ ಕೊನೆಗೊಳ್ಳುವ ಗಾಡಿ; 20 ಗಂಟೆಯೊಳಗಿನ ಗಾಡಿ. ಜೊತೆಗೆ ಅಡಿಗೆಯವರು ಕೊಡಬಲ್ಲ ದರದ ಸ್ಲೀಪರ್ ಬೋಗಿಗಳು ಅದರಲ್ಲಿ ಹೇರಳವಾಗಿರಬೇಕು. ಮುಂಬಯಿಯ ನಿಲ್ದಾಣಗಳಲ್ಲಿ ಗಾಡಿ ನಿಲ್ಲಿಸಲು ಸ್ಥಳವಿಲ್ಲವೆಂದರೆ ಪನವೇಲಿನಿಂದ ಹೊರಡಿಸಲಿ. ಅಲ್ಲಿಂದ ಕರ್ಜತಿಗೆ ಹಳಿಯಿದೆ, ಸುತ್ತಮುತ್ತ ನಮ್ಮ ಜನವೂ ಇದ್ದಾರೆ.

ಹಿಂದೆ ಕೊಂಕಣ ರೈಲ್ವೆಗೆ ಮನವಿ ಬರೆದ ಕೈಗಳಲ್ಲಿ ಕೆಲವು ಇನ್ನೂ ನಮ್ಮ ನಡುವೆ ಇವೆ. ಮಧ್ಯ ರೈಲ್ವೆಯ ಮುಖ್ಯ ಕಚೇರಿ ಇಲ್ಲೇ ಇದೆ. ನೈಋತ್ಯ ರೈಲ್ವೆಯದು 2003ರಿಂದ ಹುಬ್ಬಳ್ಳಿಯಲ್ಲಿದೆ. ಎರಡಕ್ಕೂ ಒಂದೇ ದಿನ ಒಂದೇ ಮನವಿ ಮುಟ್ಟಬೇಕು. ಅದರ ಕೆಳಗೆ ಕರಾವಳಿಯ ಸಂಘಗಳದೂ ಹಳೆ ಮೈಸೂರಿನವರದೂ ಉತ್ತರ ಕರ್ನಾಟಕದವರದೂ ಸಹಿಗಳು ಒಟ್ಟಿಗೆ ಬೀಳಬೇಕು. ಮಿರಜ ಸಾಂಗ್ಲಿಗಳ ಮರಾಠಿ ವ್ಯಾಪಾರಿಗಳ ಸಹಿಯೂ ಬಿದ್ದರೆ ಇನ್ನೂ ಒಳ್ಳೆಯದು, ಅವರಿಗೂ ಈ ಗಾಡಿ ಬೇಕು. ಮನವಿಯ ಕರಡನ್ನು ನಾನು ಬರೆದಿಟ್ಟಿದ್ದೇನೆ. ಬರುವ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಪತ್ರಿಕೆಯ ಕಚೇರಿಯಲ್ಲಿ ಕುಳಿತಿರುತ್ತೇನೆ. ಸಂಘಗಳ ಕಾರ್ಯದರ್ಶಿಗಳು ಬಂದು ಓದಿ ತಿದ್ದಬಹುದು. ಮೊದಲ ಸಹಿ ಆಗಲೇ ಬಿದ್ದಿದೆ. ಅಡಿಗೆಯವರದು.